ಟಾಕಿಯ ಬಾಯಿಗೆ ಕಟ್ಟಿದ ಬಟ್ಟೆ

ಕುಷ್ಟಗಿ
೧೨ ಫೆಬ್ರವರಿ ೧೯೮೨

ಅಪ್ಪನಿಗೆ ಹುಲಿಗವ್ವ ಮಾಡುವ ನಮಸ್ಕಾರಗಳು.

ಎರಡು ವರ್ಷದ ಮೇಲೆ ಮಗಳ ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡ. ನನಗೇನೂ ಆಗಿಲ್ಲ. ಕೆಟ್ಟಿರುವುದು ಒಂದು ಪಂಪು. ಅಕ್ಕಿ ಗಿರಣಿಯಲ್ಲಿ ಇಷ್ಟು ವರ್ಷ ಪಂಪು, ಬಾಯ್ಲರು ರಿಪೇರಿ ಮಾಡಿದವನು ನೀನು. ನಿನ್ನನ್ನು ಬಿಟ್ಟು ಇನ್ನಾರನ್ನು ಕೇಳಲಿ?

ರಾಯಚೂರಿನ ನರ್ಸ್ ಕೆಲಸ ಬಿಟ್ಟು ನಾನೀಗ ಹಳ್ಳಿಹಳ್ಳಿ ತಿರುಗುವ ಕಣ್ಣಿನ ದವಾಖಾನೆಯ ಗಾಡಿಯಲ್ಲಿದ್ದೇನೆ. ಮೊದಲು ಈ ಗಾಡಿ ದೂರದೇಶದ ಯಾರೋ ಗಂಡಹೆಂಡತಿಯದು. ರಜೆ ಬಂತೆಂದರೆ ಮನೆಯನ್ನೇ ಗಾಲಿಯ ಮೇಲಿಟ್ಟುಕೊಂಡು ದೇಶ ನೋಡಲು ಹೋಗುತ್ತಿದ್ದರಂತೆ. ಕೊನೆಗೆ ಅದನ್ನು ನಮ್ಮ ಸಂಸ್ಥೆಗೆ ದಾನ ಕೊಟ್ಟರು. ಒಳಗೆ ಎರಡು ಮಂಚ, ಒಂದು ಒಲೆ, ಕೈ ತೊಳೆಯುವ ತೊಟ್ಟಿ, ಮಂಚದ ಕೆಳಗೆ ನೀರಿನ ಟಾಕಿ. ನಲ್ಲಿ ತಿರುಗಿಸಿದರೆ ಬ್ಯಾಟರಿಯ ಸಣ್ಣ ಪಂಪು ಗುರ್ ಎಂದು ತಾನೇ ಶುರುವಾಗುತ್ತದೆ, ಮುಚ್ಚಿದರೆ ತಾನೇ ನಿಲ್ಲುತ್ತದೆ. ಡಾಕ್ಟರು ಆಪರೇಶನ್ನಿಗೆ ಮುಂಚೆ ಕೈ ತೊಳೆಯುವುದು ಅದರಲ್ಲೇ, ರೋಗಿಗಳು ಕುಡಿಯುವುದೂ ಅದನ್ನೇ.

ಈಗ ಪಂಪು ಓಡುತ್ತದೆ, ನೀರು ಬರುವುದಿಲ್ಲ. ಮೊದಲು ಜೋರಾಗಿ ಬಂದು, ಆಮೇಲೆ ದಾರದಷ್ಟಾಗಿ, ನಿಂತೇಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನಲ್ಲಿ ತಿರುಗಿಸಿದರೆ ಮತ್ತೆ ಅದೇ ಕಥೆ. ಡ್ರೈವರ್ ಜಿಲಾನಸಾಬ "ಇದರಾಗ ದೆವ್ವ ಹೊಕ್ಕೈತ್ರಿ ಅಕ್ಕಾರ" ಅನ್ನುತ್ತಾನೆ. ಏನು ಮಾಡಬೇಕು ತಿಳಿಸು.

ಗಾಡಿ ಒಂದು ಕಡೆ ನಿಲ್ಲುವುದಿಲ್ಲ. ಉತ್ತರವನ್ನು ಕುಷ್ಟಗಿ ಅಂಚೆ ಕಚೇರಿಗೇ ಹಾಕು. ಡೀಸೆಲ್ಲಿಗೆ ಬಂದಾಗ ಜಿಲಾನಸಾಬ ತರುತ್ತಾನೆ.

ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ.

ಇತಿ,
ಹುಲಿಗವ್ವ

*

ಗಂಗಾವತಿ
೨೦ ಫೆಬ್ರವರಿ ೧೯೮೨

ಚಿ. ಹುಲಿಗವ್ವಳಿಗೆ ಸಣ್ಣಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ವಿಷಯ ತಿಳಿಯಿತು.

ಪಂಪು ಓಡಿಯೂ ನೀರು ಎತ್ತಲಿಲ್ಲವೆಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟಾಕಿಯಿಂದ ಪಂಪಿಗೆ ಬರುವ ಕೊಳವೆಯ ಜೋಡಣೆಗಳನ್ನು ಒಂದೊಂದಾಗಿ ಬಿಗಿ ಮಾಡಿಸು. ಪ್ರತಿ ಜೋಡಣೆಗೂ ಸಾಬೂನು ನೀರು ಸವರಿ ನೋಡಿ, ರಬ್ಬರು ಸೀಳಿದ್ದರೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿ. ಬ್ಯಾಟರಿಯ ತುದಿಗಳಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಬಿಸಿನೀರಿನಿಂದ ತೊಳೆಯಿರಿ. ಶಕ್ತಿ ಸಾಲದ ಪಂಪೂ ಹೀಗೇ ಮಾಡುತ್ತದೆ.

ಎಲ್ಲರೂ ಆರೋಗ್ಯವೇ ಎಂದು ಕೇಳಿದ್ದೀ. ಈ ಮನೆಯಲ್ಲಿರುವುದು ಇಬ್ಬರು. ನಾನು ಚೆನ್ನಾಗಿದ್ದೇನೆ.

ಇತಿ,
ಸಣ್ಣಪ್ಪ

*

ಹನುಮಸಾಗರ
೬ ಮಾರ್ಚ್ ೧೯೮೨

ಅಪ್ಪನಿಗೆ ನಮಸ್ಕಾರಗಳು.

ಜೋಡಣೆ ಬಿಗಿ ಮಾಡಿದೆವು, ಟ್ಯೂಬು ಸುತ್ತಿದೆವು, ಬ್ಯಾಟರಿ ತೊಳೆದೆವು. ಏನೂ ಆಗಲಿಲ್ಲ. ಒಂದು ಕೊಡ ತುಂಬುವಷ್ಟು ಬರುತ್ತದೆ, ನಿಲ್ಲುತ್ತದೆ, ಉಸಿರು ತೆಗೆದುಕೊಂಡು ಮತ್ತೆ ಬರುತ್ತದೆ. ಮೊನ್ನೆ ಡಾಕ್ಟರು ಕೈಗೆ ಸಾಬೂನು ಹಚ್ಚಿಕೊಂಡು ನಿಂತಾಗ ನೀರು ನಿಂತಿತು. ಸಾಲಿನಲ್ಲಿ ಕೂತಿದ್ದ ಮುದುಕಿಯೊಬ್ಬಳು, ಪಕ್ಕೀರವ್ವ ಅಂತ, ತನ್ನ ಕುಡಿಯುವ ತಂಬಿಗೆಯನ್ನೇ ಎತ್ತಿ ಸುರಿದಳು. ನನಗೆ ನಾಚಿಕೆಯಾಯಿತು. ಪಂಪು ಸರಿಯಾಗದಿದ್ದರೆ ಈ ಭಾಗದ ಶಿಬಿರ ನಿಲ್ಲಿಸಿ ವಾಪಸು ಹೋಗೋಣ ಎನ್ನುತ್ತಿದ್ದಾರೆ.

ಗಂಗಾವತಿಯಿಂದ ಇಲ್ಲಿಗೆ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಬರಬಹುದು. ನೀನೇ ಒಮ್ಮೆ ಬಂದು ನೋಡಬಾರದೇ?

ಇತಿ,
ಹುಲಿಗವ್ವ

*

ಗಂಗಾವತಿ
೧೫ ಮಾರ್ಚ್ ೧೯೮೨

ಚಿ. ಹುಲಿಗವ್ವಳಿಗೆ ಆಶೀರ್ವಾದಗಳು.

ಬರಲು ಆಗುವುದಿಲ್ಲ. ಬೇರೆ ಕೆಲಸವಿದೆ.

ಟಾಕಿಗೆ ಗಾಳಿ ಆಡಲು ಒಂದು ಸಣ್ಣ ರಂಧ್ರ ಇರಲೇಬೇಕು. ಅದು ಧೂಳಿನಿಂದ ಮುಚ್ಚಿದರೆ ಒಳಗೆ ಗಾಳಿಯಿಲ್ಲದೆ ನೀರು ಕೊಳವೆಗೆ ಇಳಿಯದು. ಮುಚ್ಚಳ ತೆಗೆದಿಟ್ಟು ನಲ್ಲಿ ತಿರುಗಿಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಕಡೆಯ ಸವುಳು ನೀರು ಕೊಳವೆಯೊಳಗೆ ಸುಣ್ಣ ಕಟ್ಟಿರಬೇಕು. ಹುಣಸೆ ಹುಳಿ ಕದಡಿ ಟಾಕಿಗೆ ಹೊಯ್ದು, ಒಂದು ರಾತ್ರಿ ಬಿಟ್ಟು ತೊಳೆಯಿರಿ.

ನೀನು ದವಾಖಾನೆಯಲ್ಲಿರುವವಳು, ಒಂದು ಮಾತು ಕೇಳಬೇಕು. ನಮ್ಮ ಪಕ್ಕದ ಮನೆಯ ಲಾಲಬೀಗೆ ಮೈ ಸರಿಯಿಲ್ಲ. ದೀಪಾವಳಿಯಿಂದ ಊಟ ಸೇರುತ್ತಿಲ್ಲ. ಬಲಗಡೆ ಹೊಟ್ಟೆಯಲ್ಲಿ ಗಡ್ಡೆ ಕೈಗೆ ಹತ್ತುತ್ತದೆ. ಬಳೆ ಮೊಣಕೈ ತನಕ ಸರಿಯುವಷ್ಟು ಸೊರಗಿದ್ದಾಳೆ. ದವಾಖಾನೆ ಎಂದರೆ ಸಿಟ್ಟಿಗೇಳುತ್ತಾಳೆ. ಇದು ಏನಿರಬಹುದು? ಯಾವುದಾದರೂ ಔಷಧಿ ಇದೆಯೇ?

ಯುಗಾದಿ ಬಂತು. ಬರುವುದಿದ್ದರೆ ಬಾ.

ಇತಿ,
ಸಣ್ಣಪ್ಪ

*

ತಾವರಗೇರಾ
೩೦ ಮಾರ್ಚ್ ೧೯೮೨

ಅಪ್ಪಾ,

ಮುಚ್ಚಳ ತೆಗೆದೆವು, ಹುಣಸೆ ಹುಳಿ ಹೊಯ್ದೆವು. ಎರಡು ದಿನ ಡಾಕ್ಟರ ಚಹಾ ಹುಳಿಹುಳಿಯಾಯಿತು, ಅಷ್ಟೇ ಲಾಭ.

ನೀನು ಬರುವುದಿಲ್ಲ ಎಂಬುದು ಈಗ ಸ್ಪಷ್ಟವಾಯಿತು. ಕೆಲಸವಿದೆ ಎಂದು ಬರೆದಿದ್ದೀ. ಯಾವ ಕೆಲಸ? ಕಳೆದ ವರ್ಷವೇ ಗಿರಣಿ ಬಿಟ್ಟೆ ಎಂದು ಊರಿನವರೇ ಹೇಳಿದರು. ನಿನ್ನನ್ನು ಹೊಸ್ತಿಲು ದಾಟಲು ಬಿಡದವರು ಯಾರೆಂದು ನನಗೆ ಗೊತ್ತಿದೆ. ಹೊನ್ನೂರಪ್ಪ ಮಾವನನ್ನು ಮದುವೆಯಾಗುವುದಿಲ್ಲ ಎಂದು ನಾನು ನರ್ಸ್ ಕಲಿಯಲು ಹೋದದ್ದಕ್ಕೆ, ತಮ್ಮನ ಮುಂದೆ ತನ್ನ ತಲೆ ತಗ್ಗಿತು ಅಂತ ಅವ್ವ ಏನೆಂದಳೋ ನೀನೂ ಕೇಳಿದ್ದೀ. "ಇನ್ನ ಮ್ಯಾಲ ನನ್ನ ಕೈಯಾನ ನೀರು ನಿನಗಿಲ್ಲ." ಆ ಮನೆಗೆ ನಾನು ಯುಗಾದಿಗೆ ಹೇಗೆ ಬರಬೇಕಿತ್ತು? ಬಾಗಿಲಿಗೆ ಬಂದ ಬೀದಿಯವರಿಗೂ ತಂಬಿಗೆ ನೀರು ಕೊಡುವ ಮನೆ ಅದು. ನಾನು ಬಂದು ಒಣ ಕಾಲಲ್ಲಿ ಅಂಗಳದಲ್ಲಿ ನಿಲ್ಲಬೇಕೇ? ಮಗಳ ಮೇಲೆ ಇಷ್ಟು ಹಟ ಹಿಡಿಯುವ ತಾಯಿ ಇನ್ನೊಬ್ಬಳಿಲ್ಲ.

ಇರಲಿ. ಲಾಲಬೀ ಚಿಗವ್ವನ ವಿಷಯವನ್ನು ಎರಡು ಸಲ ಓದಿದೆ. ನಾನು ಡಾಕ್ಟರರನ್ನೂ ಕೇಳಿದೆ. ಅಪ್ಪಾ, ಇದು ಸಣ್ಣ ಬೇನೆಯಲ್ಲ, ಕೂಡಲೇ ಹುಬ್ಬಳ್ಳಿಗೆ ಕರೆದೊಯ್ಯಲಿ. ಅಷ್ಟು ಸೊರಗಿದ್ದರೆ ಬಹುಶಃ ವೇಳೆ ಮೀರಿದೆ. ಆಕೆಯ ಮಗಳು ರಾಯಚೂರಲ್ಲಿದ್ದಾಳಲ್ಲ, ಅವಳಿಗೆ ಇವತ್ತೇ ಕಾಗದ ಹಾಕು. ತಾಯಿಮಕ್ಕಳಲ್ಲಿ ಏನೇ ಮಾತು ಬಂದಿರಲಿ, ಮಗಳನ್ನು ಕರೆಸಿಬಿಡು. ಆಮೇಲೆ ಅವಳು ಜೀವನಪೂರ್ತಿ ಅಳುತ್ತಾ ಕೂರುವಂತೆ ಮಾಡಬೇಡ.

ಹುಲಿಗವ್ವ

*

ಗಂಗಾವತಿ
೯ ಏಪ್ರಿಲ್ ೧೯೮೨

ಹುಲಿಗಿ,

ಒಂದ ಮಾತು ಕೇಳ್ತೀನಿ, ಖರೇ ಹೇಳು. ಟಾಕಿ ಒಳಗ ನೀರು ಹೀರೋ ಕೊಳವಿ ತುದಿಗೆ ಬಟ್ಟಿ ಕಟ್ಟೀಯೇನು? ನಾಕು ಮಡಿಕಿ ಮಾಡಿ, ದಾರ ಸುತ್ತಿ, ಬಿಗಿಯಾಗಿ?

ಕಟ್ಟಿದ್ದರ ಬಿಚ್ಚಿ ಆಚಿ ಒಗಿ. ಪಂಪು ಎಳದಾಗ ಬಟ್ಟಿ ಬಾಯಿಗಿ ಹತ್ತಿ ಮುಚ್ಚಿಕೊಂತೈತಿ, ಬಿಟ್ಟಾಗ ಸಡ್ಲ ಆಕ್ಕೈತಿ. ಕೊಡದ ಬಾಯಿಗಿ ಕಟ್ಟೋ ಬಟ್ಟಿ ನೀರು ಹೀರೋ ಬಾಯಿಗಿ ಕಟ್ಟಿದ್ರ ಅದು ಉಸಿರಾಡೂದು ಹ್ಯಾಂಗ? ಸೋಸೂದು ನೀರು ಒಳಗ ಬರೋ ಕಡೆ, ಹೊರಗ ಹೋಗೋ ಕಡೆ ಅಲ್ಲ.

ಇದರ ಜೋಡಿ ಪಾರ್ಸಲ್ಲಿನಾಗ ಒಂದು ಬಟ್ಟಿ ಚೀಲ ಕಳಿಸೀನಿ. ಟಾಕಿಗಿ ನೀರು ತುಂಬೋ ಬಾಯಿಗಿ ಅದನ್ನ ಕಟ್ಟು, ಚೀಲ ಒಳಗ ಇಳಿಬಿಡು. ಬಿಗಿಯಬ್ಯಾಡ, ಸಡ್ಲ ಇರ್ಲಿ. ಕೊಳವಿ ತುದಿಗಿ ಹಾಕಾಕ ಹಿತ್ತಾಳಿ ಜಾಳಗಿನೂ ಇಟ್ಟೀನಿ. ಇನ್ನ ಮ್ಯಾಲ ಕೊಡಗಟ್ಲೆ ನೀರು ಆ ಚೀಲದಾಗ ಹಾದು ಬರ್ಲಿ.

ಲಾಲಬೀ ವಿಷಯ ಬರದದ್ದು ಓದಿದೆ.

ಅಪ್ಪ

*

ಯಲಬುರ್ಗಾ
೨೪ ಏಪ್ರಿಲ್ ೧೯೮೨

ಅಪ್ಪಾ!

ನೀರು ಬಂತು! ಹೊಳೆ ಬಂದ ಹಾಗೆ ಬಂತು! ಜಿಲಾನಸಾಬ ತಲೆಯನ್ನೇ ನಲ್ಲಿಯ ಕೆಳಗೆ ಹಿಡಿದು, "ಏ ನಿಮ್ಮಪ್ಪ ಮನಿಷಾನೋ ಪೀರನೋ" ಅಂದ. ನೀನು ಗಂಗಾವತಿಯಲ್ಲಿ ಕೂತು ಟಾಕಿಯ ಒಳಗನ್ನು ಹೇಗೆ ಕಂಡೆಯೋ?

ಹೌದು, ಕಟ್ಟಿದ್ದೆ. ಸಂಕ್ರಾಂತಿಯ ಹೊತ್ತಿಗೆ ಕೊಳವೆಯ ತುದಿಯಲ್ಲಿದ್ದ ಜಾಳಿಗೆ ಒಡೆದಿತ್ತು. ಈ ಕಡೆಯ ಮೆಟ್ಟಿಲು ಬಾವಿಗಳ ನೀರಿನಲ್ಲಿ ನಾರುಹುಣ್ಣಿನ ಹುಳ ಇನ್ನೂ ಇವೆ. ಅವ್ವನ ಕಾಲಿನಲ್ಲಿ ಆ ಹುಳ ಹೊರಬಂದ ಕಲೆಯನ್ನು ನೋಡುತ್ತಲೇ ಬೆಳೆದವಳು ನಾನು. ಕೈ ತಾನಾಗೇ ಬಟ್ಟೆ ಮಡಿಸಿ ಕಟ್ಟಿಬಿಟ್ಟಿತು. ನಿನಗೆ ಅದನ್ನು ಬರೆಯಬೇಕೆಂದು ಹೊಳೆಯಲೇ ಇಲ್ಲ. ಕೊಡದ ಬಾಯಿಗೆ ಬಟ್ಟೆ ಇದೆ ಎಂದು ಯಾರಾದರೂ ಹೇಳುತ್ತಾರೆಯೇ? ಇರಲೇಬೇಕಲ್ಲ!

ಚೀಲ ಎಷ್ಟು ಚೆನ್ನಾಗಿ ಹೊಲಿದಿದ್ದಾರೆ, ಎಳ್ಳಿನಂಥ ಹೊಲಿಗೆ. ಲಾಲಬೀ ಚಿಗವ್ವನದೇ ಇರಬೇಕು. ಅಂಥ ಕಾಯಿಲೆಯಲ್ಲೂ ನನಗಾಗಿ ಹೊಲಿದು ಕೊಟ್ಟಳಲ್ಲ, ಆಕೆಯ ಕೈಗೆ ನನ್ನ ಶರಣು ಹೇಳು. ಮಗಳು ಬಂದಳೇ?

ನೀರು ಸರಿಯಾದ ಖುಷಿಗೆ ಡಾಕ್ಟರು ಶಿಬಿರವನ್ನು ಮುಂದುವರಿಸಿದ್ದಾರೆ. ಯಲಬುರ್ಗಾ, ಕುಕನೂರು ಮುಗಿಸಿ, ಒಳಗಿನ ಹಳ್ಳಿಗಳಿಗೂ ಹೋಗುತ್ತೇವೆ. ಮುಂಗಾರು ಹಿಡಿದರೆ ಗಾಡಿ ನಿಲ್ಲುತ್ತದೆ, ಆಗ ಊರಿಗೆ ಬರುತ್ತೇನೆ. ಹೋದ ಸಲ ಸಿಟ್ಟಿನಲ್ಲಿ ಅವ್ವನ ಮೇಲೆ ಏನೇನೋ ಬರೆದೆ. ಆಕೆಗೆ ಓದಿ ಹೇಳಬೇಡ. ಆಕೆ ನೀರು ಕೊಡದಿದ್ದರೂ ಸರಿ, ಬರುತ್ತೇನೆ. ನನ್ನ ನೀರನ್ನು ನಾನೇ ಬಾಟ್ಲಿಯಲ್ಲಿ ತರುತ್ತೇನೆ, ಏನು ಮಾಡುತ್ತಾಳೋ ನೋಡೋಣ!

ನಿನ್ನ,
ಹುಲಿಗಿ

*

ಗಂಗಾವತಿ
೩ ಮೇ ೧೯೮೨

ಹುಲಿಗಿ,

ನೀರು ಬಂದದ್ದು ಕೇಳಿ ಇಲ್ಲಿ ಭಾಳ ಸಮಾಧಾನ ಆತು. ಕಾಗದ ಮತ್ತ ಮತ್ತ ಓದಿದ್ವಿ.

ಮುಂಗಾರಿನ ತನಕ ಕಾಯಬ್ಯಾಡ. ರೋಹಿಣಿ ಮಳಿ ಬರಲಿ, ಬಿಡಲಿ, ಈ ಕಾಗದ ಸಿಕ್ಕ ಕೂಡಲೆ ಬಾ. ಯಾಕ ಏನ ಅಂತ ಕೇಳಬ್ಯಾಡ. ಅಂಗಳದಾಗ ನಿಂದರಸೂದಿಲ್ಲ ನಿನ್ನ, ನಾ ಹೇಳ್ತೀನಿ.

ಇದಕ್ಕಿಂತ ಹೆಚ್ಚಿಗಿ ಬರಿಯಾಕ ನನಗ ಅಪ್ಪಣಿ ಇಲ್ಲ.

ಅಪ್ಪ

*

ತಂತಿ
ಹುಲಿಗವ್ವ, ಕಣ್ಣಿನ ಗಾಡಿ, ಅಂಚೆ ಕಚೇರಿ ಕುಷ್ಟಗಿ
೧೧ ಮೇ ೧೯೮೨

ಅವ್ವಗೆ ಭಾಳ ಜಡ್ಡು. ಕೂಡಲೇ ಹೊರಡು. ಸಣ್ಣಪ್ಪ.

*

ಗಂಗಾವತಿ
೨ ಜೂನ್ ೧೯೮೨

ಹುಲಿಗಿ,

ನೀ ಬಂದಾಗ ಹೇಳಬೇಕಾಗಿದ್ದನ್ನ ಈಗ ಬರೀತೀನಿ. ನೀ ಇಲ್ಲಿದ್ದಾಗ ನನಗ ಬಾಯಿ ಬರಲಿಲ್ಲ, ನಿನಗ ಕಣ್ಣೀರು ಬರಲಿಲ್ಲ. ಇಬ್ರೂ ಗ್ವಾಡಿ ನೋಡಿಕೋತ ಕೂತ್ವಿ.

ಬಾಗಲದಾಗ ಲಾಲಬೀ ಗಟ್ಟಿಮುಟ್ಟಾಗಿ ನಿಂತದ್ದು ನೋಡಿ ನೀ ಕೈಯಾನ ಚೀಲ ಅಲ್ಲೇ ಇಳಿಸಿದಿ. ಆಗ ನಿನಗ ಎಲ್ಲಾ ತಿಳೀತು. ಬ್ಯಾನಿ ಲಾಲಬೀದಲ್ಲ. ಗಡ್ಡಿ ಇದ್ದದ್ದು ನಿಮ್ಮವ್ವನ ಹೊಟ್ಟ್ಯಾಗ. ಬಳ್ಳಾರಿ ದವಾಖಾನ್ಯಾಗ ತೋರಿಸಿದ್ದೆ, ಕೈಮೀರೇತಿ ಅಂದ್ರು. ಗಿರಣಿ ಬಿಟ್ಟದ್ದೂ ಅದಕ್ಕ. ನಿನಗ ತಿಳಿಸ್ತೀನಿ ಅಂದ್ರ ಹುಲಿಗೆಮ್ಮನ ಆಣಿ ಹಾಕಿದಳು. "ನಾ ಸಾಯ್ತೀನಂತ ಕೇಳಿ ಬಂದ್ರ ಅದು ಬಂದಂಗಲ್ಲ. ಸಿಟ್ಟು ಇಳದು ತಾನಾಗೇ ಬರ್ಲಿ. ಬಂದ್ರ ನೀರು ಕೊಡ್ತೀನಿ" ಅಂದಳು. ಹಂಗಾಗಿ, ನಿಮ್ಮ ಡಾಕ್ಟರ ಹತ್ರ ಏನರ ಔಷಧ ಇದ್ದೀತಂತ, ಆಕಿ ಜಡ್ಡಿಗಿ ಲಾಲಬೀ ಹೆಸರು ಇಟ್ಟು ನಿನ್ನ ಕೇಳಿದೆ. ಮಗಳನ್ನ ಇವತ್ತ ಕರಸು ಅಂತ ನೀನೇ ಬರದಿ. ಆ ಕಾಗದ ಹಿಡಕೊಂಡು ನಾ ಹಿತ್ತಲದಾಗ ನಿಂತು ಅತ್ತೆ. ಆದ್ರೂ ಆಣಿ ಮುರೀಲಿಲ್ಲ, ಮೂಳ ನಾನು.

ಇನ್ನೊಂದು ಐತಿ. ಅದನ್ನ ಹೇಳಾಕ ಈ ಕಾಗದ.

ನಿನ್ನ ಒಂದೊಂದು ಪತ್ರಾನೂ ನಾ ಆಕಿ ಮುಂದ ಗಟ್ಟಿಯಾಗಿ ಓದ್ತಿದ್ದೆ. ಆಕಿ ಗ್ವಾಡಿ ಕಡೆ ಮಾರಿ ಮಾಡಿ, ನಿದ್ದಿ ಹತ್ತಿದವರಂಗ ಮಲಗಿರ್ತಿದ್ದಳು. ಜೋಡಣಿ ಬಿಗಿ ಮಾಡು ಅಂದವ ನಾನು. ಬ್ಯಾಟರಿ, ಗಾಳಿ ರಂಧ್ರ, ಹುಣಸಿ ಹುಳಿ, ಎಲ್ಲಾ ನಂದು. ಎಲ್ಲಾ ಸುಳ್ಳಾತು. ಆಮ್ಯಾಲ ತಾವರಗೇರಿಂದ ಸಿಟ್ಟಿನ ಪತ್ರ ಬಂತಲ್ಲ, ಅದನ್ನ ಓದೂಮುಂದ ನಿಮ್ಮವ್ವಗ ಅಂದಿದ್ದ ಸಾಲು ಹಾರಿಸಿದೆ. "ನಡುವ ಯಾಕ ನಿಂತಿ? ನನ್ನ ಬೈದಾಳಲ್ಲ? ಓದು" ಅಂದಳು. ಓದಿದೆ. ಆಮ್ಯಾಲ, "ಒಣ ಕಾಲಾಗ ನಿಂದರಬೇಕಾ ಅಂತ ಕೇಳ್ಯಾಳ ನನ್ನ ಕೂಸು" ಅಂತ ಅಂದು, ಸೆರಗು ಬಾಯಿಗಿ ಒತ್ತಿಕೊಂಡಳು.

ಅವತ್ತ ಸಂಜಿಗಿ ಎದ್ದು ಕೂತು ಕೇಳಿದಳು. "ನೀರು ಬಂದು ನಿಂದರ್ತೈತಿ, ಬಿಟ್ಟರ ಮತ್ತ ಬರ್ತೈತಿ, ಹೌದಲ್ಲ? ಹಂಗಾದ್ರ ಬಟ್ಟಿ ಕಟ್ಯಾಳ. ನನ್ನ ಮಗಳು ಸೋಸಲಾರದ ನೀರು ಕುಡಿಯಾಕಿ ಅಲ್ಲ, ಕುಡಸಾಕಿನೂ ಅಲ್ಲ. ಹುಟ್ಟಿದಾಗಿಂದ ನಟ್ಟು ತಿರುವಿದಿ, ನಿನಗ ಮಗಳ ಕೈ ಗುರ್ತು ಸಿಗಲಿಲ್ಲೇನು? ಸುಡು ನಿನ್ನ ಫಿಟ್ಟರಕಿ!"

ಚೀಲ ಹೊಲದಾಕಿ ಆಕಿ. ತನ್ನ ಇಳಕಲ್ ಸೀರಿ ಹರದು, ದಡಿ ಕತ್ತರಿಸಿ ಒಲಿಗಿ ಹಾಕಿದಳು, ನಿನಗ ಗುರ್ತು ಹತ್ತಬಾರದಂತ. ಸೂಜಿ ಪೋಣಿಸಿ ಕೊಡಾಕ ಮಾತ್ರ ನಾನು. ನಾಕು ಹೊಲಿಗಿ ಹಾಕಿದ್ರ ದಣಿದು ಮಲಗ್ತಿದ್ದಳು, ಮತ್ತ ಏಳ್ತಿದ್ದಳು. ಕೊಡಗಟ್ಲೆ ನೀರು ಅದರಾಗ ಹಾದು ಬರ್ಲಿ ಅಂತ ನಾ ಬರದೆನಲ್ಲ, ಅದು ಆಕಿ ಮಾತು. ಲಾಲಬೀ ಕೈಗಿ ಶರಣು ಅಂತ ನೀ ಬರದದ್ದು ಓದಿದಾಗ ನಕ್ಕಳು, ನಗಾಕ ಹೋಗಿ ನೋವಾಗಿ ಹೊಟ್ಟಿ ಹಿಡಕೊಂಡಳು. "ಆಕ್ಕೈತಿ ಬಿಡು, ಲಾಲಬೀಗ ಮುಟ್ಟಿಸು" ಅಂದಳು.

ಪಂಪು ಸರಿಯಾಗಿದ್ದಕ್ಕ ನಿಮ್ಮ ಗಾಡಿ ಮುಂದಿನ ಹಳ್ಳಿಗಳಿಗಿ ಹೋತು. ನನ್ನ ಕಾಗದ, ತಂತಿ ಎರಡೂ ಕುಷ್ಟಗಿ ಅಂಚಿ ಕಚೇರ್ಯಾಗ ಕೊಳತು ಬಿದ್ದಿದ್ವು. ಯಾರನ್ನ ಬೈಲಿ?

ಕಡೀಗಿ ಬಾಗಲಾ ನೋಡ್ತಿದ್ದಳು. ಬಾಯಿಗಿ ನೀರು ಬಿಡೂಮುಂದ ನಿನ್ನ ಹೆಸರು ಹೇಳಿ ಬಿಟ್ಟೆ. ಗಂಟಲದಾಗ ಇಳೀತು.

ಮಣ್ಣು ಮಾಡಿದ ಮ್ಯಾಲ ಬಂದಿ ನೀನು. ಇದ್ದಷ್ಟು ದಿನ ಈ ಮನಿ ಕೊಡ ಮುಟ್ಟಲಿಲ್ಲ, ಲಾಲಬೀ ಮನಿಂದ ತಂದು ಕುಡದಿ. ಅದು ನನ್ನ ಕರುಳು ಕೊಯ್ತು. ಮಗಾ, ಏಪ್ರಿಲ್‌ದಿಂದ ನೀ ಕುಡದದ್ದು ಯಾರ ಕೈಯಾನ ನೀರು? ಆಡಿದ ಮಾತು ನುಂಗಾಕ ಆಕಿಗಿ ಬರಲಿಲ್ಲ. ಹೊಲದು ಕಳಿಸಿದಳು.

ಅಪ್ಪ

*

ಕುಷ್ಟಗಿ
೨೦ ಜೂನ್ ೧೯೮೨

ಅಪ್ಪಾ,

ನಿನ್ನ ಕಾಗದ ಹೋದ ವಾರ ಜಿಲಾನಸಾಬ ತಂದುಕೊಟ್ಟ. ಓದಿ ಹೋಗಿ ನಲ್ಲಿ ತಿರುವಿದೆ. ಒಂದು ಬೊಗಸಿ ಕುಡದೆ. ಅಳು ಆಗ ಬಂತು. ಜಿಲಾನಸಾಬ ಪಂಪು ಮತ್ತ ಕೆಟ್ಟಿತೇನಂತ ಓಡಿ ಬಂದ.

ಆಕಿ ಹೋದ ದಿವಸ ನಾನು ಎಲ್ಲಿದ್ದೆ ಅಂತ ಲೆಕ್ಕ ಹಾಕಿದೆ. ಶಿಬಿರ ಹಾಕಿದ್ದ ಕುಕನೂರಿನ ಸಾಲಿ ಕಟ್ಟಡದಾಗ ಇದ್ದೆ. ಕಣ್ಣಿಗಿ ಪಟ್ಟಿ ಕಟ್ಟಿದ್ದ ಮುದುಕೇರು ಸಾಲಾಗಿ ಮಲಗಿದ್ರು. "ಎವ್ವಾ ನೀರು" ಅಂದಾಕಿಗೆಲ್ಲಾ ತಲಿ ಎತ್ತಿ ಹಿಡದು ತಂಬಿಗಿಲೆ ಕುಡಸಿದೆ. ಬ್ಯಾರೇರ ಅವ್ವಂದಿರು ಎಲ್ಲಾರೂ ಆಕಿ ಚೀಲದ ನೀರು ಕುಡದ್ರು. ಆಕಿಗಿ ಒಂದು ಗುಟುಕು ನಾ ಕುಡಸಲಿಲ್ಲ.

ನಾ ಕಲತ ನರ್ಸ್ ವಿದ್ಯಾ ಎಲ್ಲಾ ಸುಟ್ಟು ಹೋಗಲಿ. ಲಾಲಬೀ ಅಂತ ಬರದ್ರೂ ಬಳಿ ಮೊಣಕೈಗಿ ಸರಿಯೂದು ಓದಿದಾಗರ ನನಗ ತಿಳೀಬೇಕಿತ್ತು. ಲಾಲಬೀ ಚಿಗವ್ವ ಬಳಿ ಇಡೂದ ಇಲ್ಲ. ಆಕಿ ಗಂಡ ಹೋಗಿ ಎಷ್ಟ ವರ್ಷ ಆತು. ಅವ್ವ ನನ್ನ ಕೈ ಅಲ್ಲಿಂದ ಕಂಡಳು, ನಾನು ಆಕಿ ಕೈ ನೀ ಕಾಗದದಾಗ ಬರದು ಕಳಿಸಿದ್ರೂ ಕಾಣಲಿಲ್ಲ.

ಇಲ್ಲಿ ಮಳಿ ಹಿಡದೈತಿ. ಶಿಬಿರ ನಿಂತೈತಿ. ಮೊನ್ನಿ ಟಾಕಿ ತೊಳಿಯಾಕ ಚೀಲ ಬಿಚ್ಚಿದೆ. ತಳದಾಗ ಸವದು ಜಾಳ ಆಗೈತಿ, ಎಳಿ ಬಿಡಾಕ ಹತ್ತೈತಿ. ಹೊಲಿಗಿ ಮಾತ್ರ ಒಂದೂ ಬಿಚ್ಚಿಲ್ಲ. ಜಿಲಾನಸಾಬ ಅಂದ, "ಇದನ್ನ ತಗದು ಹೊಸಾದು ಹಾಕೂನ್ರಿ ಅಕ್ಕಾರ, ಎಳಿ ಹೋಗಿ ಪಂಪಿನಾಗ ಸುತಗೊಂಡ್ರ ಮತ್ತ ನೀರು ನಿಂದರ್ತೈತಿ." ಅವ ಹೇಳೂದು ಬರೋಬ್ಬರಿ ಐತಿ.

ಬಿಟ್ಟರ ಪಂಪು ಕೆಡತೈತಿ. ತಗದ್ರ ಆಕಿ ಕೈಯಾನ ನೀರು ಅಲ್ಲಿಗಿ ಮುಗೀತು. ಒಣಗಿಸಿ ಮಡಚಿ ದಿಂಬಿನ ಕೆಳಗ ಇಟಗೊಂಡೀನಿ. ಟಾಕಿ ಬಾಯಿ ಹಂಗ ತೆರದೈತಿ, ಎರಡ ದಿವಸ ಆತು ನೀರು ತುಂಬಿಲ್ಲ.

ಏನ ಮಾಡ್ಲಿ ಹೇಳು ಅಪ್ಪಾ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿ ಖರೇ ಉತ್ತರ ಹೇಳಾವ್ರು ಇನ್ನ ಇಲ್ಲ. ನೀನ ಹೇಳಬೇಕು. ತಪ್ಪು ಹೇಳಿದ್ರೂ ನಡೀತೈತಿ.

ಹುಲಿಗಿ